ಕೆರೆಯಂಗಳಕ್ಕೆ ಬಂದ ಸಾನ್ರಿಕು ಕಡಲು

ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವಾಗ ಮೇಲೆ ಸುರಿಯುವ ಹಾಲುಬಣ್ಣದ ಎಣ್ಣೆನೀರು ಕಾದರೆ ಒಂದು ವಾಸನೆ ಏಳುತ್ತದೆ: ಹುಳಿ, ಸುಟ್ಟದ್ದು, ಎಲ್ಲೋ ಸ್ವಲ್ಪ ಸಿಹಿ. ಪೀಣ್ಯದ ಯಾವ ಬೀದಿಯಲ್ಲಿ ಅದು ಮೂಗಿಗೆ ಬಡಿದರೂ ನನಗೆ ಚಿಕ್ಕಪ್ಪನ ಅಂಗಿ ನೆನಪಾಗುತ್ತದೆ. ನೆನಪು ಸಾಕ್ಷಿಯಾಗಲಾರದು ಎಂದು ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಬಹುಮಾನ ಗೆದ್ದವಳು ನಾನು. ಈ ವಾಸನೆಯ ಮುಂದೆ ಮಾತ್ರ ಆ ವಾದ ನಡೆಯುವುದಿಲ್ಲ. ಬಾಗಲಗುಂಟೆಯಲ್ಲಿ ಆಗ ನಮ್ಮದು ಒಟ್ಟು ಮನೆ. ಹಿತ್ತಿಲ ಹೊಂಗೆಮರದಾಚೆ ಒಣಗಿದ ಕೆರೆ. ಅಪ್ಪ ಕಾರ್ಖಾನೆಯಲ್ಲಿ ಫೋರ್‌ಮನ್. ಅವನ ತಮ್ಮ, ನನ್ನ ಚಿಕ್ಕಪ್ಪ, ಕೆರೆಯಂಗಳದಲ್ಲೇ ಇಟ್ಟಿಗೆಯ ಶೆಡ್ ಎಬ್ಬಿಸಿ, ಹಳೆಯ ಲೇತ್ ಒಂದನ್ನು ಇಟ್ಟುಕೊಂಡು, ಬಿಡುವಿದ್ದಾಗ ನನಗೆ ಹಿತ್ತಾಳೆಯ ಬುಗುರಿ ಕಡೆದುಕೊಡುತ್ತಿದ್ದ.

ಕಾರ್ಖಾನೆಯವರು ಅಪ್ಪನನ್ನು ಆರು ತಿಂಗಳ ತರಬೇತಿಗೆ ಜಪಾನಿನ ಸಾನ್ರಿಕು ಕರಾವಳಿಗೆ ಕಳಿಸಿದರು. ಮರಳಿ ಬಂದವನ ಬಾಯಲ್ಲಿ ಬೇರೆ ಮಾತಿಲ್ಲ. ಊಟಕ್ಕೆ ಕೂತಾಗ ರಾಗಿಮುದ್ದೆಗೆ ಬೆರಳೂರಿ ಸೀಳು ಮಾಡುತ್ತಿದ್ದ: ಇವು ಗುಡ್ಡ, ಇವು ನಡುವಿನ ಇಕ್ಕಟ್ಟಾದ ಕೊಲ್ಲಿಗಳು. ಆಮೇಲೆ ಸಾರನ್ನು ರಭಸದಿಂದ ಸುರಿಯುತ್ತಿದ್ದ. ಕಡಲು ಉಕ್ಕಿ ಬಂದಾಗ ಸೀಳಿನೊಳಗೆ ನುಗ್ಗಿದ ನೀರು ಅಗಲಕ್ಕೆ ಜಾಗವಿಲ್ಲದೆ ಮೇಲಕ್ಕೇ ಏಳುತ್ತದಂತೆ. ಒಮ್ಮೆ ಹಬ್ಬದ ದಿನವೇ ಬಂದು ಊರೂರನ್ನೇ ಎಳೆದೊಯ್ದಿತ್ತು. ಮೊಮ್ಮಕ್ಕಳ ಕಾಲಕ್ಕೆ ಮತ್ತೆ ಬಂತು. ಯುದ್ಧದಲ್ಲಿ ಅದೇ ಕಡಲಿನಿಂದ ಹಡಗುಗಳು ಗುಂಡು ಸುರಿದವು. ಅಲೆಗೆ ಸಿಗದೆ ಉಳಿದವರು ಗುಡ್ಡದಲ್ಲಿ ಕಲ್ಲು ನೆಟ್ಟು, 'ಇದರ ಕೆಳಗೆ ಮನೆ ಕಟ್ಟಬೇಡಿ' ಎಂದು ಕೆತ್ತಿದ್ದರು. ತಟ್ಟೆಯಿಂದ ಸಾರು ಚೆಲ್ಲಿ ಚಿಕ್ಕಪ್ಪನ ಮೊಣಕಾಲು ನೆನೆಯುತ್ತಿತ್ತು. "ಅಣ್ಣಯ್ಯ, ನಿನ್ ಸಮುದ್ರದಾಗೆ ಉಪ್ಪು ಕಮ್ಮಿ ಆಯ್ತು!" ಎಂದು ಅವನು ನಗುತ್ತಿದ್ದ.

ಅಪ್ಪ ನಗಲಿಲ್ಲ. ಒಂದು ಭಾನುವಾರ, ಗಾರೆಯವರು ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪು ತಂದ. ಒಂದು ತುದಿಯನ್ನು ಕೆರೆಯ ಕೋಡಿಗೆ ಹಿಡಿದು, ಇನ್ನೊಂದನ್ನು ನನ್ನ ಕೈಗಿತ್ತು ಶೆಡ್ಡಿಗೆ ಕಳಿಸಿದ. ಕೆರೆ ತುಂಬಿದರೆ ನೀರು ನಿಲ್ಲುವ ಮಟ್ಟ ಚಿಕ್ಕಪ್ಪನ ಎದೆಗೆ ಬಂತು. ಅಪ್ಪ ಬಂದು ಶೆಡ್ಡಿನ ಗೋಡೆಯ ಮೇಲೆ ಆ ಮಟ್ಟಕ್ಕೆ ಕೆಂಪು ಗೆರೆ ಎಳೆದು, "ನೀನೇ ಹೇಳವ್ವ ಇವನಿಗೆ," ಎಂದ. ಅಕ್ಕಪಕ್ಕದವರು ಸೇರಿದ್ದರು. ನಾನು ಹನ್ನೆರಡರವಳು, ಮೊದಲ ಸಲ ಬದುಕಿ ಉಳಿದವರ ಮೊಮ್ಮಕ್ಕಳೇ ಮತ್ತೆ ಕಡಲಂಚಿಗೆ ಮನೆ ಕಟ್ಟಿ ಸತ್ತರೆಂದು ಶುರುಮಾಡಿದೆ.

"ಅಲ್ಲಿ ಸಮುದ್ರ ಐತೆ ಕಣವ್ವ. ಇಲ್ಲೇನೈತೆ, ಜಾಲಿಗಿಡ!"

"ಇವತ್ತು ನೀರಿಲ್ಲ ಅಂದ್ರೆ ನಾಳೆ ಬರಲ್ಲ ಅಂತ ಹೆಂಗೆ ಹೇಳ್ತೀಯ ಚಿಕ್ಕಪ್ಪ?"

ಜನ ಚಪ್ಪಾಳೆ ತಟ್ಟಿದರು. "ಸೋತೆ ಕಣವ್ವ. ಆದ್ರೆ ಶೆಡ್ ಕೀಳಲ್ಲ," ಎಂದ ಚಿಕ್ಕಪ್ಪ.

ಮರುದಿನ ಬೆಳಿಗ್ಗೆಯೇ ಅಪ್ಪ ಹಾರೆ ಹಿಡಿದು ಶೆಡ್ಡಿಗೆ ಹೋದ. ಅಣ್ಣತಮ್ಮಂದಿರು ಕೊರಳಪಟ್ಟಿ ಹಿಡಿದು ಉರುಳಾಡಿದರು. ಚಿಕ್ಕಪ್ಪ ಅಪ್ಪನ ಭುಜ ಕಚ್ಚಿ ಮಾಂಸ ಕಿತ್ತ. ಅಪ್ಪ ಅವನ ಮುಖವನ್ನು ನೆಲಕ್ಕೆ ಜಜ್ಜಿ, ಎದ್ದು, ಗೋಡೆಯ ಬುಡಕ್ಕೆ ಹಾರೆ ಹಾಕಿ ಮೀಟಿದ. ಲೇತ್ ಉಳಿಸಿಕೊಳ್ಳಲು ಚಿಕ್ಕಪ್ಪ ಒಳಗೆ ನುಗ್ಗಿದ. ಗೋಡೆ ಅವನ ಬಲಗೈ ಮೇಲೆ ಕೂತಿತು. ಮೂರು ಬೆರಳು ಹೋದವು. ಅವನು ಕಿರುಚಿದ್ದಕ್ಕಿಂತ ಹೆಚ್ಚಾಗಿ ಅಪ್ಪ ಕಿರುಚಿದ.

ಕೆರೆಗೆ ನೀರು ಬರಲೇ ಇಲ್ಲ. ಕೋಡಿಯ ಮಟ್ಟವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆದಿದ್ದೆವು. ಮೇಲಿನಿಂದ ನೀರು ತರುತ್ತಿದ್ದ ಕಾಲುವೆಯನ್ನು ಕಾರ್ಖಾನೆಗಳು ಆಗಲೇ ಮುಚ್ಚಿಬಿಟ್ಟಿದ್ದವು, ಅಪ್ಪನ ಕಾರ್ಖಾನೆಯ ಕಾಂಪೌಂಡೂ ಅದರ ಮೇಲೇ ನಿಂತಿತ್ತು. ಆ ಕಾಲುವೆಯ ಕಡೆ ನಾಲ್ಕು ಹೆಜ್ಜೆ ನಡೆದು ನೋಡೋಣವೆಂದು ನಮ್ಮಿಬ್ಬರಿಗೂ ತೋಚಲಿಲ್ಲ. ಚಿಕ್ಕಪ್ಪ ಹೆಂಡತಿಯ ಊರು ಕಾಡುಗೋಡಿಗೆ ಹೋಗಿ ಕಾವಲುಗಾರನಾದ. ಮನೆ ಪಾಲಾಯಿತು, ಹೊಂಗೆಮರ ಕಡಿದು ಬಾಡಿಗೆಯ ಕೋಣೆಗಳನ್ನು ಎಬ್ಬಿಸಿದರು.

ವರ್ಷಗಳಾದ ಮೇಲೆ ಒಂದು ಮದುವೆಯಲ್ಲಿ ಅವನ ಪಕ್ಕ ಊಟಕ್ಕೆ ಕೂತೆ. "ನೀರು ಬಂತೇನವ್ವ?" ಎಂದ.

"ಇಲ್ಲ ಚಿಕ್ಕಪ್ಪ."

"ಅವತ್ತು ಚೆನ್ನಾಗಿ ಮಾತಾಡ್ದೆ. ನಮ್ ವಂಶದಾಗೆ ಯಾರೂ ಅಂಗೆ ಮಾತಾಡಿರ್ಲಿಲ್ಲ." ಅದು ಕುಹಕವಾಗಿದ್ದರೆ ಎದುರು ವಾದಿಸಬಹುದಿತ್ತು. ಅವನು ಹೆಮ್ಮೆಯಿಂದಲೇ ಹೇಳಿದ್ದ.

ಅದೇ ವರ್ಷ ಚಿಕ್ಕಪ್ಪ ತೀರಿಕೊಂಡ. ಅಪ್ಪ ಬಂದ. ಗುಂಡಿಗೆ ಇಳಿಸುವ ಮುನ್ನ ತಮ್ಮನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕೂತವನು, ಮಣ್ಣೆಳೆಯಲು ನಿಂತವರು ಮೂರು ಸಲ ಕರೆದರೂ ಬಿಡಲಿಲ್ಲ.