ಎಡಕ್ಕೆ ವಾಲಿದ ಮೂರು ಗೀರು

ಫಕ್ರುದ್ದೀನಣ್ಣನ ಕೈಗೆ ಚೂರಿ ಕೊಟ್ಟವರು ಸಾಣೆ ಹಿಡಿಸಿಕೊಂಡು ಸುಮ್ಮನೆ ಹೋಗುವ ಹಾಗಿರಲಿಲ್ಲ. ಅದರ ಜಾತಕವನ್ನೂ ಕೇಳಿಸಿಕೊಂಡೇ ಹೋಗಬೇಕಿತ್ತು. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ರೊಟ್ಟಿ ಖಾನಾವಳಿ. ಅದರ ಮುಂದಿನ ಬೇವಿನ ಮರದ ಕೆಳಗೆ ಅವನ ಸಾಣೆಯ ಸೈಕಲ್ಲು. ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕುಳಿತು ಪೆಡಲ್ ತುಳಿದನೆಂದರೆ ಮುಂದಿನ ಸಾಣೆಕಲ್ಲು ಗಿರ್ರನೆ ತಿರುಗುತ್ತಿತ್ತು. ವಾರದಲ್ಲಿ ಕೆಲವು ದಿನ ಅದೇ ಸೈಕಲ್ಲು ತುಳಿದು ಬ್ಯಾಡಗಿಗೆ, ಹಾವೇರಿಗೆ ಹೋಗಿ ಬರುತ್ತಿದ್ದ. ಉಳಿದ ದಿನ ನನ್ನ ತಲೆ ತಿನ್ನುತ್ತಿದ್ದ.

"ಇದು ಬ್ಯಾಡಗಿ ಅಂಜಿನಪ್ಪಂದು ನೋಡು ತಂಗಿ. ಈಳಿಗಿ ಕೊರಳು ಹೆಂಗ ಸೆಟಿಸ್ಯಾನ! ಮನುಷ್ಯಾನೂ ಹಂಗ ಸೆಟಕೊಂಡ ಅಡ್ಡಾಡ್ತಾನ."

"ಇದು ಹಾವೇರಿ ಹೈವೇ ಕಡೆಯಾವ್ರದು. ಲಾರಿ ಸ್ಪ್ರಿಂಗಿನ ಪಾಟಾ ಬಡಿದು ಮಾಡ್ಯಾರ. ಗಟ್ಟಿ ಐತಿ ಖರೇ, ಆದ್ರ ನನ್ನ ಕಲ್ಲಿನ ಕೂಡ ಬರೇ ಜಗಳ ತಗೀತೈತಿ."

ಗಳಗನಾಥದ ಕಡೆಯ ಕುಡಗೋಲು ಬಂದರೆ ಅದರ ಹೊಟ್ಟೆಯ ಅಗಲ ನೋಡಿಯೇ ಹೇಳುತ್ತಿದ್ದ. ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿ ಹೇಳು ಎಂದರೆ ಹಾಗೂ ಹೇಳುತ್ತಿದ್ದ. ಸಂತೆಗೆ ಬಂದವರು ಪಂದ್ಯ ಕಟ್ಟಿ ಸೋತು ಅವನಿಗೆ ಚಹಾ ಕುಡಿಸಿ ಹೋಗುತ್ತಿದ್ದರು. ಆ ಚಹಾವನ್ನು ಅವನು ಕುಡಿಯುವ ಠೀವಿ ನೋಡಬೇಕಿತ್ತು. "ನನ್ನ ಮಾರಿಗಿಂತ ಚೂರಿ ಮಾರೀನ ಹೆಚ್ಚು ನೋಡ್ಯಾರ" ಎಂದು ಅವನ ಹೆಂಡತಿ ಗುಲಾಬಬಿ ನನ್ನೆದುರು ಎಷ್ಟೋ ಸಲ ಅಂದಿದ್ದಾಳೆ. ಸುಳ್ಳಲ್ಲ.

ಹಲಗೇರಿಯ ಕಮ್ಮಾರ ಜಟ್ಟೆಪ್ಪನ ಚೂರಿ ಬಂದರೆ ಮಾತ್ರ ಅವನ ಬಾಯಿ ನಿಲ್ಲುತ್ತಿತ್ತು. ಅಲಗಿನ ಮೇಲೆ, ಹಿಡಿಯ ಹತ್ತಿರ, ಮೂರು ಸಣ್ಣ ಓರೆ ಗೀರು. ಮೂರೂ ಬಲಕ್ಕೆ ವಾಲಿದವು. ಅದು ಜಟ್ಟೆಪ್ಪನ ಗುರುತು. ಫಕ್ರುದ್ದೀನಣ್ಣ ಆ ಗೀರುಗಳ ಮೇಲೆ ಬೆರಳಾಡಿಸಿ, "ಇವ ಮನಸ್ಸಿಟ್ಟು ಬಡೀತಾನ" ಎನ್ನುತ್ತಿದ್ದ. ಅಷ್ಟಾದರೂ ಇಬ್ಬರ ಭೇಟಿ ಅಪರೂಪ. ಕಮ್ಮಾರನಿರುವ ಹಳ್ಳಿಗೆ ಸಾಣೆಯವನು ಕಾಲಿಡಬಾರದು, ಒಬ್ಬರ ಅನ್ನಕ್ಕೆ ಇನ್ನೊಬ್ಬರು ಕೈ ಹಾಕಬಾರದು ಎಂಬುದು ಇವನ ಕಾನೂನು. ಹಾಗಾಗಿ ಇಷ್ಟು ಹತ್ತಿರದ ಹಲಗೇರಿಗೆ ಇವನು ಹೋಗುತ್ತಲೇ ಇರಲಿಲ್ಲ. ಜಟ್ಟೆಪ್ಪನ ಮಾಲು ಪೇಟೆಗೆ ಬರುತ್ತಿದ್ದುದು ಅವನ ಹೆಂಡತಿ ಉಚ್ಚಂಗೆವ್ವನ ತಲೆಯ ಮೇಲೆ.

ತೊಂಬತ್ತನೇ ಇಸವಿಯ ಆಸುಪಾಸು, ಬಕ್ರೀದ್ ಹತ್ತಿರ ಬಂದಿತ್ತು. ಕುರ್ಬಾನಿಯ ಚೂರಿಯಲ್ಲಿ ಕೂದಲೆಳೆಯಷ್ಟು ಮುಕ್ಕೂ ಇರಬಾರದು, ಪ್ರಾಣಿಗೆ ಹಿಂಸೆಯಾಗಬಾರದು. ಅದಕ್ಕೇ ಬ್ಯಾಡಗಿ, ಹಾವೇರಿಯ ಮಂದಿ ಆ ಹಬ್ಬಕ್ಕೆ ಜಟ್ಟೆಪ್ಪನ ಚೂರಿಯನ್ನೇ ಹುಡುಕಿಕೊಂಡು ಕೊಳ್ಳುತ್ತಿದ್ದರು. ಅವನ ಮನೆಯ ವರ್ಷದ ಬದುಕು ಅರ್ಧ ಅದರ ಮೇಲೇ ನಿಂತಿತ್ತು. ಫಕ್ರುದ್ದೀನಣ್ಣ ಬ್ಯಾಡಗಿಗೆ ಹೋಗಿದ್ದಾಗ ಅಲ್ಲಿನ ಕಸಾಯಿ ಸಲಾವುದ್ದೀನ ಹೊಸ ಚೂರಿಗಳನ್ನು ಸಾಣೆಗೆ ತಂದ. ಇವನು ಒಂದನ್ನು ತಿರುವಿ ನೋಡಿದವನೇ ಪೆಡಲ್ ನಿಲ್ಲಿಸಿಬಿಟ್ಟನಂತೆ. ಮೂರು ಗೀರೂ ಎಡಕ್ಕೆ ವಾಲಿದ್ದವು.

"ಇದು ಜಟ್ಟೆಪ್ಪಂದಲ್ಲ! ಸುತ್ತಿಗಿ ಏಟೂ ಎಡಕ್ಕ ಬಿದ್ದಾವ. ಯಾವನೋ ಕಳ್ಳ ಅವನ ಗುರುತು ಹಾಕಿ ಖೊಟ್ಟಿ ಮಾಲು ಮಾರಾಕತ್ಯಾನ" ಎಂದು ನಾಲ್ಕು ಮಂದಿಯ ನಡುವೆ ಕೂಗಿದ. ಅಲ್ಲಿಗೇ ಬಿಟ್ಟನೇ? ಹಾವೇರಿಗೂ ಹೋಗಿ ಅಂಗಡಿ ಅಂಗಡಿಗೆ ಹೇಳಿ ಬಂದ. ಜಟ್ಟೆಪ್ಪನ ಹೆಸರು ಕಾಪಾಡಿದೆನೆಂದು ನನ್ನೆದುರು ಎದೆಯುಬ್ಬಿಸಿ ಎರಡು ರೊಟ್ಟಿ ಹೆಚ್ಚಿಗೆ ತಿಂದ. ನಾನೂ ಶಭಾಷ್ ಅಂದು ಇನ್ನೊಂದು ಹಾಕಿದೆ.

ಆ ವಾರವೇ ಉಚ್ಚಂಗೆವ್ವ ಬಂದಳು. ಗಟ್ಟಿ ಹೆಂಗಸು, ತೋಳು ನೋಡಿದರೆ ಸುತ್ತಿಗೆ ಎತ್ತಿದವಳೆಂದು ಗೊತ್ತಾಗುತ್ತಿತ್ತು. ತಲೆಯ ಮೇಲಿನ ಚೀಲವನ್ನು ಬೇವಿನ ಮರದ ಕೆಳಗೆ ಧಡ್ಡನೆ ಇಳಿಸಿದಳು.

"ಫಕ್ರುಸಾಬ ಅಂದ್ರ ನೀವ ಏನ್ರಿ? ಬ್ಯಾಡಗಿಯಿಂದ ತಿರುಗಿ ಬಂದಾವ, ಹಾವೇರಿಯಿಂದ ತಿರುಗಿ ಬಂದಾವ. ನಮ್ಮ ಮನೀ ಮಾಲು ಖೊಟ್ಟಿ ಅಂದೀರಂತ. ಬರ್ರಿ, ಯಾವ ಕಳ್ಳ ಮಾಡಾಕತ್ಯಾನ ಅಂತ ನಿಮ್ಮ ಕಣ್ಣಲೇ ನೋಡಬರ್ರಿ."

ಅವನ ಮುಖ ಸಣ್ಣದಾಯಿತು. ಒಬ್ಬನೇ ಹೋಗಲು ಧೈರ್ಯ ಸಾಲಲಿಲ್ಲ. "ತಂಗಿ, ನೀನೂ ಬಾ" ಎಂದ. ಒಲೆಯನ್ನು ಕೆಲಸದವಳ ಪಾಲಿಗೆ ಬಿಟ್ಟು ನಾನೂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಉಚ್ಚಂಗೆವ್ವ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಹಲಗೇರಿಯ ಆ ಕುಲುಮೆಯಲ್ಲಿ ಕಂಡದ್ದು ಇಷ್ಟು. ಉಚ್ಚಂಗೆವ್ವ ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅಡೆಗಲ್ಲಿನ ಮೇಲಿಟ್ಟಳು. ಜಟ್ಟೆಪ್ಪ ಬಡಿದ, ಎಡಗೈಯಿಂದ. ಅವನ ಬಲಗೈ ಟವೆಲ್ಲಿನ ಕೆಳಗೆ ಜೋತುಬಿದ್ದಿತ್ತು. ಏಟುಗಳು ಒಂದೊಂದೂ ಎಡಕ್ಕೆ ಓರೆಯಾಗಿ ಬೀಳುತ್ತಿದ್ದವು. ಫಕ್ರುದ್ದೀನಣ್ಣ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

"ಯಾವಾಗ ಆತೋ ಜಟ್ಟೆಪ್ಪಣ್ಣ ಇದು?"

"ಹೋದ ವರ್ಷ ಲಕ್ವಾ ಹೊಡೀತ್ರಿ ಸಾಬ್ರ. ಎಡಗೈಗೆ ಕಲಿಸೂದ್ರಾಗ ಸಾಕಾಗಿ ಹೋತು. ಊರ ಮಂದಿಗೆ ಗೊತ್ತೈತಿ, ಅವ್ರು ನಮ್ಮವರು. ಪ್ಯಾಟಿ ಮಂದಿಗೆ ಗೊತ್ತಾಗಬಾರದು ನೋಡ್ರಿ. ಕುರ್ಬಾನಿ ಚೂರಿ ಕೈ ಹೋದಾವ ಮಾಡ್ಯಾನ ಅಂದ್ರ ಯಾರು ತಗೋತಾರ? ಕನಿಕರಕ್ಕ ಒಂದ ತಗೊಂಡು ಮೂಲ್ಯಾಗ ಒಗೀತಾರ."

ಫಕ್ರುದ್ದೀನಣ್ಣ ತಿರುಗಿ ಬಂದ ಚೂರಿಗಳನ್ನು ಒಂದೊಂದಾಗಿ ಎತ್ತಿ ಮುಂಗೈ ಕೂದಲಿನ ಮೇಲೆ ಆಡಿಸಿದ. ಕೂದಲು ಉದುರಿತು. "ಅಲಗು ಮೊದಲಿನಂಗ ಐತಿ. ಗುಂಜಿಯಷ್ಟೂ ಕಮ್ಮಿ ಇಲ್ಲ" ಎಂದ.

ಸಿಟ್ಟಿದ್ದರೂ ಉಚ್ಚಂಗೆವ್ವ ಬಂದವರಿಗೆ ಉಣ್ಣಲಿಕ್ಕೆ ಹಾಕಿದಳು. ಜಟ್ಟೆಪ್ಪ ನಮ್ಮ ಜೊತೆ ಕೂರಲಿಲ್ಲ, ಎದ್ದು ಒಳಗೆ ಹೋದ. "ಎಡಗೈಲೆ ಉಣ್ಣೂದನ್ನ ನಾಕು ಮಂದಿ ನೋಡಬಾರದಂತ. ಕೈ ಹೋದಾಗಿಂದ ಹೊರಗ ಎಲ್ಲೂ ಒಂದ ತುತ್ತು ಬಾಯಾಗ ಇಟ್ಟಿಲ್ಲ" ಎಂದು ಅವಳು ಮೆಲ್ಲಗೆ ಹೇಳಿದಳು.

ಮರಳಿ ಬರುವಾಗ, ತಪ್ಪನ್ನು ತನ್ನ ಮೇಲೇ ಹಾಕಿಕೊಳ್ಳುತ್ತೇನೆಂದ ಫಕ್ರುದ್ದೀನಣ್ಣನ ಜೊತೆ ನಾನು ಜಗಳವಾಡಿದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಏನು ಹೋಗುತ್ತದೆ, ಕೈ ಬದಲಾಗಿದ್ದನ್ನು ನೀನು ಸರಿಯಾಗೇ ಹಿಡಿದೆಯಲ್ಲ ಎಂದೆ.

"ಖರೇ ಹೇಳಿದ್ರ ನನ್ನ ಹೆಸರು ಉಳೀತೈತಿ ತಂಗಿ, ಅವನ ಹಬ್ಬದ ಮಾಲು ಉಳಿಯೂದಿಲ್ಲ" ಎಂದವನು ಕಿಟಕಿಯ ಕಡೆ ಮುಖ ಮಾಡಿದ.

ಮರುದಿನವೇ ಬ್ಯಾಡಗಿಗೆ ಹೋದ. ತಾನು ಕೂಗಾಡಿದ ಜಾಗದಲ್ಲೇ ನಿಂತು, "ನನ್ನ ಕಣ್ಣು ಮಂಜಾಗ್ಯಾವ. ಅವು ಜಟ್ಟೆಪ್ಪನ ಚೂರಿನ. ನಾ ತಪ್ಪಿ ಅಂದೆ" ಎಂದ. ಹಾವೇರಿಯಲ್ಲೂ ಅಂಗಡಿ ಅಂಗಡಿಗೆ ಹಾಗೇ ಹೇಳಿ ಬಂದ. ಜನ ಮೊದಲು ನಂಬಲಿಲ್ಲ, ಆಮೇಲೆ ನಕ್ಕರು. ಚೂರಿಗಳು ಮತ್ತೆ ಹೋದವು, ಹಬ್ಬ ಚೆನ್ನಾಗಿ ಆಯಿತು.

ಆದರೆ ಫಕ್ರುದ್ದೀನಣ್ಣನ ಹಬ್ಬ ಅಲ್ಲಿಗೇ ಮುಗಿಯಿತು. ಚೂರಿ ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೂ ಗೇಲಿಗೆ. ಕಣ್ಣು ಮಂಜಾದವನು ಸಾಣೆ ಹೇಗೆ ಹಿಡಿದಾನು ಎಂದು ಹಳೆಯ ಗಿರಾಕಿಗಳೂ ಬೇರೆಯವರ ಕಡೆ ಹೋದರು. "ಇವ್ರು ಮನ್ಯಾಗೂ ಮಾತಾಡವಲ್ಲರು" ಎಂದು ಗುಲಾಬಬಿ ಬಂದು ಕಣ್ಣೀರು ಹಾಕಿದಳು. ನನ್ನ ತಲೆ ತಿನ್ನುವವರಿಲ್ಲದೆ ನನಗೂ ಬೇಸರ. ಅವನ ಬಡಾಯಿ ಅಷ್ಟು ರುಚಿ ಎಂದು ಆಗಲೇ ತಿಳಿದದ್ದು. ಹೇಳಿಬಿಡುತ್ತೇನೆ ಎಂದು ಎಷ್ಟೋ ಸಲ ಬಾಯಿ ತೆರೆದೆ. ಅವನು ಕಣ್ಣಲ್ಲೇ ಬೇಡ ಅನ್ನುತ್ತಿದ್ದ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಅಷ್ಟು ತಿಂಗಳು ಹೇಗೆ ತಡೆದುಕೊಂಡೆನೋ ನನಗೇ ಗೊತ್ತಿಲ್ಲ.

ಸುಗ್ಗಿಗೆ ಮುಂಚಿನ ಒಂದು ಸಂತೆಯ ದಿನ. ಕುರಿ ಕೊಳ್ಳಲು ಬಂದಿದ್ದ ಸಲಾವುದ್ದೀನ ಜೊತೆಗಾರರನ್ನು ಕಟ್ಟಿಕೊಂಡು ನನ್ನಲ್ಲಿ ಊಟಕ್ಕೆ ಬಂದ. ಅದೇ ಹೊತ್ತಿಗೆ ಉಚ್ಚಂಗೆವ್ವ ಸುಗ್ಗಿಯ ಕುಡಗೋಲಿನ ಕಟ್ಟು ಹೊತ್ತು, ಅವಳ ಹಿಂದೆ ಅಪರೂಪಕ್ಕೆ ಪೇಟೆಗೆ ಬಂದ ಜಟ್ಟೆಪ್ಪ ಬಲಗೈ ಮೇಲೆ ಟವೆಲ್ಲು ಇಳಿಬಿಟ್ಟುಕೊಂಡು, ಬೇವಿನ ಮರದ ಕೆಳಗೆ ಬಂದು ನಿಂತರು. ಸಲಾವುದ್ದೀನನಿಗೆ ಜಟ್ಟೆಪ್ಪನ ಚೂರಿಯ ಪರಿಚಯವಿತ್ತು, ಮುಖದ ಪರಿಚಯವಿರಲಿಲ್ಲ. ಅವನು ತನ್ನ ಚೂರಿ ತೆಗೆದು ಫಕ್ರುದ್ದೀನಣ್ಣನ ಮುಂದೆ ಹಿಡಿದ.

"ಚಾಚಾ, ಇದು ಯಾರದು ಹೇಳು ನೋಡೂಣು. ಚಷ್ಮಾ ತರಸಬೇಕೇನು?"

ಜೊತೆಗಾರರು ಹೋ ಎಂದು ನಕ್ಕರು. ಫಕ್ರುದ್ದೀನಣ್ಣ ತಲೆ ತಗ್ಗಿಸಿ, "ನನಗೇನು ತಿಳೀತೈತಪಾ, ನೀನ ಹೇಳು" ಎಂದು ಪೆಡಲ್ ತುಳಿದ.

ಜಟ್ಟೆಪ್ಪ ನನ್ನ ಹತ್ತಿರ ಬಂದು, "ಯಾಕವ್ವಾ, ಸಾಬ್ರಿಗೆ ಹಿಂಗ ನಗಾಕತ್ತಾರ?" ಎಂದ. ನನಗೆ ತಡೆಯಲಾಗಲಿಲ್ಲ. "ನಿನ್ನ ಸಲುವಾಗಿ! ನಿನ್ನ ಕೈ ಮುಚ್ಚಾಕ ತನ್ನ ಕಣ್ಣು ಹೋಗ್ಯಾವ ಅಂತ ಊರ ತುಂಬ ಸಾರಿ ಬಂದಾನ. ಇದ್ದ ಹೆಸರು ಮಣ್ಣಪಾಲಾತು, ಕೆಲಸಾನೂ ಹೋತು" ಎಂದು ಒಂದೇ ಉಸಿರಿಗೆ ಅಂದುಬಿಟ್ಟೆ. ತಿರುಗಿ ಬಂದ ಚೂರಿ ಮತ್ತೆ ಹೇಗೆ ಮಾರಾಟವಾದವೆಂದು ಆ ಪುಣ್ಯಾತ್ಮ ಅಲ್ಲಿಯತನಕ ಕೇಳಿಕೊಂಡಿರಲಿಲ್ಲ.

ಜಟ್ಟೆಪ್ಪ ಕೈ ಮೇಲಿನ ಟವೆಲ್ಲು ತೆಗೆದು ಉಚ್ಚಂಗೆವ್ವನ ಹೆಗಲಿಗೆ ಹಾಕಿದ. ಜೋತುಬಿದ್ದ ಬಲಗೈ ಎಲ್ಲರಿಗೂ ಕಂಡಿತು. "ಬ್ಯಾಡೋ ಜಟ್ಟೆಪ್ಪಣ್ಣ" ಎಂದು ಫಕ್ರುದ್ದೀನಣ್ಣ ಸೀಟಿನಿಂದ ಇಳಿದ. ಜಟ್ಟೆಪ್ಪ ಕೇಳಲಿಲ್ಲ. ಕಟ್ಟಿನಿಂದ ಒಂದು ಹೊಸ ಕುಡಗೋಲು ತೆಗೆದು ಹೆಂಡತಿಗೆ ಹಿಡಿಯಲು ಹೇಳಿ, ಫಕ್ರುದ್ದೀನಣ್ಣನ ಸೈಕಲ್ಲಿನ ಮೇಲಿದ್ದ ಅರ ತೆಗೆದುಕೊಂಡು ಎಡಗೈಯಿಂದ ಮೂರು ಗೀರು ಎಳೆದ. ಮೂರೂ ಎಡಕ್ಕೆ ವಾಲಿದವು.

"ನಿನ್ನ ಚೂರಿ ಮ್ಯಾಲೂ ಹಿಂಗ ಅದಾವ ನೋಡಪಾ" ಎಂದ ಸಲಾವುದ್ದೀನನಿಗೆ. "ಜಟ್ಟೆಪ್ಪ ನಾನ. ಕೈ ಬದಲಾಗೇತಿ ಅಂತ ಮೊದಲನೇ ದಿನಾನ ಹಿಡಿದಾವ ಇವನೊಬ್ಬ. ಅವನ ಕಡೆಯಿಂದ ಸುಳ್ಳು ಹೇಳಿಸಿದಾವ ನಾನು."

ಯಾರೂ ನಗಲಿಲ್ಲ. ಸಲಾವುದ್ದೀನ ತನ್ನ ಚೂರಿಯನ್ನೂ ಆ ಕುಡಗೋಲನ್ನೂ ಜೊತೆಗಿಟ್ಟು ನೋಡಿದ. "ಮಾಫ್ ಮಾಡು ಚಾಚಾ" ಎಂದ. ಆಮೇಲೆ ಜಟ್ಟೆಪ್ಪನ ಕಡೆ ತಿರುಗಿ, "ಈ ಚೂರಿ ಹಬ್ಬದಾಗ ಒಮ್ಮೆನೂ ತಡವರಿಸಲಿಲ್ಲ. ಬರೋ ಬಕ್ರೀದಕ್ಕೂ ನನಗ ಇಂಥಾ ಚೂರಿನ ಬೇಕು, ಈಗ ಹೇಳೇನಿ" ಎಂದ.

ಫಕ್ರುದ್ದೀನಣ್ಣ ಕುಡಗೋಲು ಇಸಿದುಕೊಂಡು ಗೀರಿನ ಮೇಲೆ ಹೆಬ್ಬೆರಳಾಡಿಸಿದ. ಕಣ್ಣು ತುಂಬಿದ್ದವು, ಬಾಯಿ ಮಾತ್ರ ಹಳೆಯದೇ. "ಮೂರನೇದು ಜರಾ ಸೊಟ್ಟ ಆಗೇತಿ."

"ಲಗೂ ಎಳದೇನ್ರಿ, ಹೊಟ್ಟಿ ಹಸದೈತಿ" ಎಂದ ಜಟ್ಟೆಪ್ಪ. ಹಾಗೆಂದವನು ನಿಧಾನಕ್ಕೆ ನನ್ನ ಖಾನಾವಳಿಯೊಳಗೆ ಬಂದು, ಅಷ್ಟೂ ಮಂದಿಯ ನಡುವೆ ಕುಳಿತ. "ಅವ್ವಾ, ನನಗೂ ರೊಟ್ಟಿ ಹಾಕು."

ಉಚ್ಚಂಗೆವ್ವ ಬಾಗಿಲಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಬಿಸಿ ರೊಟ್ಟಿ, ಪಲ್ಯ ಹಾಕಿ ತಂದೆ. ಫಕ್ರುದ್ದೀನಣ್ಣ ನೀರಿನ ತಂಬಿಗೆ ಎತ್ತಿಕೊಂಡು ಬಂದು ಜಟ್ಟೆಪ್ಪನ ಎಡಗೈಗೆ ನೀರು ಹಾಕಿ, ಪಕ್ಕದಲ್ಲೇ ಉಣ್ಣಲಿಕ್ಕೆ ಕುಳಿತ.