ಬೇಡ ಎನ್ನಲು ಬಾರದ ತೆಸ್ಲೆಮ್

ಮರಳುಗಾಡಿನ ನುವಾಕ್‌ಶೋಟ್ ಪಟ್ಟಣದ ತೆಸ್ಲೆಮ್‌ಗೆ ಗಂಡ ಸತ್ತ ಮೇಲೆ ಉಳಿದಿದ್ದ ಆಸೆ ಒಂದೇ. ನಮಾಜಿನಲ್ಲಿ ಮತ್ತೆ ನೆಲಕ್ಕೆ ಹಣೆ ಮುಟ್ಟಿಸಬೇಕು. ಐವತ್ತೊಂದರ ವಯಸ್ಸು, ನೂರಾ ಹನ್ನೆರಡು ಕಿಲೋ ತೂಕ, ಜೊತೆಗೆ ಸಕ್ಕರೆ ಕಾಯಿಲೆ. ಮಂಡಿಗಳು ಮೂರು ವರ್ಷದ ಹಿಂದೆಯೇ ಮಡಚುವುದನ್ನು ಬಿಟ್ಟಿದ್ದವು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ತಲೆಯನ್ನಷ್ಟೇ ಬಾಗಿಸುತ್ತಿದ್ದಳು. ದೇವರು ಅದನ್ನೂ ಒಪ್ಪಿಕೊಳ್ಳುತ್ತಾನೆ ಎಂದು ಎಲ್ಲರೂ ಹೇಳಿದರು. ಅವಳಿಗೆ ಮಾತ್ರ, ಯಾರದೋ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಮಾತಾಡಿಸಿ ಬಂದಂತೆ ಅನಿಸುತ್ತಿತ್ತು.

ಆ ಮೈ ಅವಳು ತಾನಾಗಿ ಬೆಳೆಸಿಕೊಂಡದ್ದಲ್ಲ. ಏಳು ವರ್ಷದವಳಿದ್ದಾಗ ಅಜ್ಜಿ ಡೇರೆಯಲ್ಲಿ ಕೂರಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಒಂಟೆಹಾಲು ಕುಡಿಸುತ್ತಿದ್ದಳು. ಸಾಕು ಎಂದರೆ ಕಾಲ್ಬೆರಳನ್ನು ಎರಡು ಕಡ್ಡಿಗಳ ನಡುವೆ ಸಿಕ್ಕಿಸಿ ಅದುಮುವುದು. ವಾಂತಿಯಾದರೆ ಮತ್ತೊಂದು ಬಟ್ಟಲು. ದಪ್ಪಗಿರುವ ಹುಡುಗಿಗೆ ಒಳ್ಳೆಯ ಮನೆ ಸಿಗುತ್ತದೆಂಬ ನಂಬಿಕೆ. ಸಿಕ್ಕಿತು ಕೂಡ. ಆದರೆ ಆಮೇಲೆ ಅವಳ ಬಾಯಿಂದ ಬೇಡ ಎಂಬ ಮಾತನ್ನು ಯಾರೂ ಕೇಳಲಿಲ್ಲ. ಎಂಥ ಒಳ್ಳೆಯ ಹೆಣ್ಣು ಎಂದು ನೆರೆಹೊರೆಯ ನಾವೆಲ್ಲ ಹೊಗಳುತ್ತಿದ್ದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ.

ಆಸ್ಪತ್ರೆಯ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ. "ದಿನಾ ಅರ್ಧ ಗಂಟೆ ನಡೀರಿ. ಚಹಾಕ್ಕೆ ಸಕ್ಕರೆ ಬೇಡ. ಊಟ ಅರ್ಧಕ್ಕೆ ಇಳಿಸಿ. ಮಾತ್ರೆ ಬಿಡಬೇಡಿ. ಒಂದು ವರ್ಷ ಹಿಡಿಯುತ್ತೆ, ಆದ್ರೆ ಮಂಡಿ ಮಡಚುತ್ತೆ," ಎಂದಳು.

ಪಕ್ಕದ ಮನೆಯ ದರ್ಜಿ ಪೆಂದಾ ಜೊತೆಯಾದಳು. ಸಂಜೆ ಬಿಸಿಲು ಇಳಿದ ಮೇಲೆ ಇಬ್ಬರೂ ಸ್ಟೇಡಿಯಮ್ಮಿನ ಗೋಡೆ ಹಿಡಿದು ಮರಳಲ್ಲಿ ನಡೆಯುತ್ತಿದ್ದರು. ಮೊದಲ ದಿನ ಕಾಲುಭಾಗ ಸುತ್ತಿಗೇ ತೆಸ್ಲೆಮ್ ಗೋಡೆಗೆ ಒರಗಿಬಿಟ್ಟಳು. "ನಿಧಾನ ಅಕ್ಕಾ, ನಿನ್ನ ನೆರಳಿಗೂ ಏದುಸಿರು ಬಂದಿದೆ!" ಎಂದು ಪೆಂದಾ ನಗಿಸಿದಳು. ನಾಲ್ಕು ತಿಂಗಳಿಗೆ ಮೂರು ಸುತ್ತು, ಐದು ಕಿಲೋ ಇಳಿಕೆ. ಒಂದು ಸಂಜೆ ಯಾರ ಸಹಾಯವೂ ಇಲ್ಲದೆ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಂಡಳು. ಆ ಸುದ್ದಿಯನ್ನು ಪೆಂದಾಗೆ ಮೂರು ಸಲ ಹೇಳಿದಳು.

ನಡಿಗೆ ಅವಳನ್ನು ಸೋಲಿಸಲಿಲ್ಲ. ಸೋಲಿಸಿದ್ದು ಚಹಾ. ಗಂಡನ ಅಕ್ಕ ಉಮ್ಮುಲ್‌ಖೇರ್ ದಿನಾ ಬೆಳಿಗ್ಗೆ ಬಂದು ಕೂತು, ತಾನೇ ಚಹಾ ಕಾಸಿ, ಮೂರು ಲೋಟ ಮುಗಿಸದೆ ಯಾರನ್ನೂ ಎದ್ದೇಳಲು ಬಿಡುತ್ತಿರಲಿಲ್ಲ. ತೆಸ್ಲೆಮ್ ಎರಡನೆಯ ಲೋಟಕ್ಕೆ ಅನುಮಾನಿಸಿದಳೋ, ಮುಗಿಯಿತು.

"ನನ್ನ ತಮ್ಮ ಸತ್ತು ಎರಡು ವರ್ಷ ಆಗ್ಲಿಲ್ಲ, ಆಗ್ಲೇ ಕಡ್ಡಿ ಆಗ್ತಿದ್ದೀಯ. ಗಂಡನ ಮನೆಯೋರು ಉಪವಾಸ ಕೆಡವಿದ್ರು ಅಂತ ಊರು ಆಡ್ಕೊಳ್ಳಲಿ ಅಂತಾನಾ?"

ನೂರೇಳು ಕಿಲೋದ ಕಡ್ಡಿ!

"ಡಾಕ್ಟರಮ್ಮ ಸಕ್ಕರೆ ಬೇಡ ಅಂದಿದ್ದಾರೆ ಅಕ್ಕ..."

"ನನ್ನ ಕೈಯಾರೆ ಮಾಡಿದ ಚಹಾದಲ್ಲಿ ಕಾಯಿಲೆ ಇದೆ ಅಂತೀಯಾ?"

ಲೋಟ ಎತ್ತುವುದು, ಕುಡಿಯುವುದು. ಇಲ್ಲಿ ಮುಗಿದರೆ ಇನ್ನೊಂದು ಮನೆ, ಒಂದು ನಾಮಕರಣ, ಒಂದು ಸಾವಿನ ಮನೆ. ಒಂದು ಕಾಯಿಲೆ ವಾಸಿಯಾಗಬೇಕಾದರೆ ದಿನಕ್ಕೆ ಇಪ್ಪತ್ತು ಜನರ ಮನಸ್ಸು ನೋಯಿಸಬೇಕು, ಅದೂ ವರ್ಷಗಟ್ಟಲೆ. ತೆಸ್ಲೆಮ್‌ಗೆ ಅಷ್ಟು ಎದೆಗಾರಿಕೆ ಎಲ್ಲಿಂದ ಬರಬೇಕು?

ಹಾಗಾಗಿ ಅವಳು ಸಂತೆಗೆ ಹೋದಳು. ಅಲ್ಲೊಬ್ಬಳ ತಟ್ಟೆಯಲ್ಲಿ ಎಡಕ್ಕೆ ದಪ್ಪಗಾಗುವ ಮಾತ್ರೆ, ಬಲಕ್ಕೆ ತೆಳ್ಳಗಾಗುವ ಪುಡಿ. ಎರಡನ್ನೂ ಅದೇ ಕೈ ಮಾರುತ್ತದೆ, ಅದೇ ನಾಲಿಗೆ ಹೊಗಳುತ್ತದೆ.

"ಪಥ್ಯ ಇಲ್ಲ ತಾಯಿ, ನಡಿಗೆ ಇಲ್ಲ. ಯಾರು ಕೊಟ್ರೂ ಕುಡಿ, ಎಲ್ಲಿ ಕರೆದ್ರೂ ಉಣ್ಣು. ಬೆಳಿಗ್ಗೆ ಎರಡು ಚಮಚ ಇದು. ಇಪ್ಪತ್ತು ದಿನಕ್ಕೆ ಹದಿನೈದು ಕಿಲೋ. ಸಕ್ಕರೆ ಮಾತ್ರೇನೂ ಎಸೆದುಬಿಡು," ಎಂದಳು ಪುಡಿಯವಳು.

ಹದಿನೈದು ಕಿಲೋದ ಮಾತಿಗೆ ತೆಸ್ಲೆಮ್ ಮರುಳಾಗಲಿಲ್ಲ. ಯಾರು ಕೊಟ್ಟರೂ ಕುಡಿಯಬಹುದು ಎಂಬುದಕ್ಕೆ ಮರುಳಾದಳು. ಮಾತ್ರೆ ಬಿಟ್ಟಳು. ಕಾಲುನೋವೆಂದು ಪೆಂದಾಗೆ ಸುಳ್ಳು ಹೇಳಿ ನಡಿಗೆಯನ್ನೂ ಬಿಟ್ಟಳು.

ಪುಡಿ ಕೆಲಸ ಮಾಡಿತು, ಇಲ್ಲವೆನ್ನುವಂತಿಲ್ಲ. ಹಗಲೆಲ್ಲ ಭೇದಿ, ಬಾಯಿ ಒಣಗುವುದು, ಎದೆ ಡವಡವ. ಮೈ ದಿನದಿನಕ್ಕೆ ಕರಗಿತು. ಹದಿನೆಂಟನೆಯ ದಿನ ಮಧ್ಯಾಹ್ನದ ನಮಾಜಿಗೆ ಅವಳು ಕುರ್ಚಿಯನ್ನು ಗೋಡೆಗೆ ಸರಿಸಿ, ಹಲ್ಲು ಕಚ್ಚಿ ಮಂಡಿಯೂರಿ, ಚಾಪೆಗೆ ಹಣೆ ಮುಟ್ಟಿಸಿದಳು. ಬಾಗಿಲಲ್ಲಿದ್ದ ಮಗಳು ಸಾಲ್ಕಾ ಬಾಯಿಗೆ ಸೆರಗು ಒತ್ತಿಕೊಂಡು ಖುಷಿಗೆ ಅತ್ತಳು. ಅಮ್ಮ ಎಷ್ಟೋ ಹೊತ್ತು ಏಳಲಿಲ್ಲ. ಮೂರು ವರ್ಷದ ಬಾಕಿ ತೀರಿಸುತ್ತಿದ್ದಾಳೆ ಎಂದುಕೊಂಡು ಸಾಲ್ಕಾ ಕಾದಳು. ಹತ್ತಿರ ಹೋಗಿ ಮುಟ್ಟಿದಾಗ ತೆಸ್ಲೆಮ್ ಒಂದು ಪಕ್ಕಕ್ಕೆ ಉರುಳಿದಳು.

ಜೀವ ಉಳಿಯಿತು, ಮೂತ್ರಪಿಂಡ ಉಳಿಯಲಿಲ್ಲ. ವಾರಕ್ಕೆ ಮೂರು ಸಲ ರಕ್ತ ತೊಳೆಯುವ ಯಂತ್ರ. ತಲೆಯೆತ್ತಿದರೆ ಕಣ್ಣು ಕತ್ತಲೆ; ನೆಲಕ್ಕೆ ಬಾಗುವುದಿರಲಿ, ಕುರ್ಚಿಯಲ್ಲಿ ಕೂರುವುದೂ ಆಗದೆ ಮಲಗಿದಲ್ಲೇ ಕಣ್ಣರೆಪ್ಪೆಯಲ್ಲಿ ನಮಾಜು.

"ಅಮ್ಮ ಅವತ್ತಿಂದ ನಡೀತಾನೇ ಇದ್ದಿದ್ರೆ?" ಎಂದು ಸಾಲ್ಕಾ ಒಂದು ದಿನ ಕೇಳಿಯೇಬಿಟ್ಟಳು.

ಡಾಕ್ಟರಮ್ಮ ಹಳೆಯ ಚೀಟಿಗಳನ್ನು ತಿರುವಿದಳು. "ಚೆನ್ನಾಗೇ ಇಳೀತಿತ್ತಮ್ಮ. ಬರೋ ರಂಜಾನಿಗೆ ಮಂಡಿ ಮಡಚ್ತಿತ್ತು." ಆಮೇಲೆ ದನಿ ಗಟ್ಟಿ ಮಾಡಿ, "ದಿನಕ್ಕೆ ಎರಡು ಸಣ್ಣ ಲೋಟ ನೀರು, ಅಷ್ಟೇ. ಹಾಲು, ಖರ್ಜೂರ ಮುಟ್ಟಿಸಲೇಬೇಡಿ. ಎದೆ ನಿಂತುಹೋಗುತ್ತೆ," ಎಂದಳು. ತೆಸ್ಲೆಮ್ ಎಲ್ಲವನ್ನೂ ಕೇಳಿಸಿಕೊಂಡಳು.

ಮುಂದಿನ ವಾರ ಸಾಲ್ಕಾ ಔಷಧಿ ತರಲು ಹೋಗಿದ್ದಾಗ ಉಮ್ಮುಲ್‌ಖೇರ್ ಬಂದಳು. ಹಾಸಿಗೆಯ ಮೇಲೆ ಕರಗಿಹೋದ ಮೈ ನೋಡಿ ಎದೆ ಬಡಿದುಕೊಂಡು ಅತ್ತಳು. ಆ ಅಳುವಿನಲ್ಲಿ ಕಪಟವಿರಲಿಲ್ಲ. ತಮ್ಮನ ಹೆಂಡತಿಯನ್ನು ಅವಳು ನಿಜವಾಗಿಯೂ ಪ್ರೀತಿಸುತ್ತಿದ್ದಳು, ನನಗೆ ಸಿಟ್ಟು ಬರುವುದು ಅದಕ್ಕೇ. ಅತ್ತು ಮುಗಿದ ಮೇಲೆ ಒಂಟೆಹಾಲನ್ನು ಮರದ ಬಟ್ಟಲಿಗೆ ಬಗ್ಗಿಸಿದಳು.

"ಬೇಡ ಅಂತಾರೆ ಅಕ್ಕ, ಡಾಕ್ಟರು..." ತೆಸ್ಲೆಮ್‌ಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

"ಅವರು ಅಂತಾರೆ. ನೀನೇನಂತೀಯ? ಹಾಲು ಯಾರನ್ನ ಕೊಂದಿದೆ? ಎರಡು ದಿನದ ದಾರಿಯಿಂದ ತರಿಸಿದ್ದೀನಿ. ಬಟ್ಟಲು ನೂಕಿದ್ರೆ ನನ್ನನ್ನೇ ನೂಕಿದ ಹಾಗೆ."

ತೆಸ್ಲೆಮ್ ಬಾಗಿಲ ಕಡೆ ನೋಡಿದಳು. ಸಾಲ್ಕಾ ಇನ್ನೂ ಬಂದಿರಲಿಲ್ಲ. ಎರಡೂ ಕೈ ಚಾಚಿ ಬಟ್ಟಲು ತೆಗೆದುಕೊಂಡು, ತಳ ಕಾಣುವವರೆಗೆ ಕುಡಿದಳು.

"ನೋಡು, ಮುಖಕ್ಕೆ ಕಳೆ ಬಂತು," ಎಂದು ಉಮ್ಮುಲ್‌ಖೇರ್ ಕಣ್ಣೊರೆಸಿಕೊಂಡು ಇನ್ನೊಂದು ಬಟ್ಟಲು ತುಂಬಿಸಿದಳು.