ಬಾಲವಾಡಿಯಿಂದ ಅಜ್ಜನನ್ನು ಬಿಡಿಸಿದ ದಿನ

ಬಾಲವಾಡಿಯಿಂದ ನನ್ನನ್ನು ಹೊರಗೆ ಹಾಕಿದರು! ಇದಕ್ಕಿಂತ ದೊಡ್ಡ ಸಂತೋಷದ ಸುದ್ದಿ ನನಗೆ ಈ ವಯಸ್ಸಿನಲ್ಲಿ ಇನ್ನೇನು ಬೇಕು? ಹಾಕಿದವರು ಟೀಚರೂ ಅಲ್ಲ, ಆಯಾನೂ ಅಲ್ಲ. ಇನ್ನೂ ತನ್ನ ಮೂಗು ತಾನು ಒರೆಸಿಕೊಳ್ಳಲು ಬಾರದ ನನ್ನ ಮೊಮ್ಮಗಳು. ಕೈ ಹಿಡಿದು ಗೇಟಿನ ತನಕ ಕರೆತಂದು, ಚಪ್ಪಲಿ ತೋರಿಸಿ, ನನ್ನನ್ನು ದಾಟಿಸಿ, ತಿರುಗಿಯೂ ನೋಡದೆ ಒಳಗೆ ಓಡಿಹೋದಳು. ನಾನು ರಸ್ತೆಯಲ್ಲಿ ನಿಂತು ಒಬ್ಬನೇ ಹಲ್ಲು ಕಿಸಿಯುತ್ತಿದ್ದೆ. ಹೋಗಿಬರುವವರು ಏನಂದುಕೊಂಡರೋ!

ನಾನು ಓದಿದ್ದು ಮೂರನೆಯ ಇಯತ್ತೆ. ಹಾವೇರಿ ಕಡೆಯಿಂದ ವಿಶಾಖಪಟ್ಟಣಕ್ಕೆ ಬಂದು, ಸರ್ಕಾರಿ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಈಗ ಎಂವಿಪಿ ಕಾಲೋನಿಯಲ್ಲಿ ಮಗನ ಜೊತೆ ನಾನೂ ನನ್ನ ಹೆಂಡತಿಯೂ ಇದ್ದೇವೆ. ಮಗಳ ಮನೆ ವಿಜಯವಾಡದ ಪಟಮಟದಲ್ಲಿ. ಅವಳ ಕೆಲಸ ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯ ಲ್ಯಾಬಿನಲ್ಲಿ. ಈ ಮೊಮ್ಮಗಳನ್ನು ನೋಡಿಕೊಳ್ಳಲೆಂದು ತೆಗೆದುಕೊಂಡ ರಜೆಯೆಲ್ಲ ಮುಗಿದು, ಸೋಮವಾರ ಅವಳು ಡ್ಯೂಟಿಗೆ ಹೋಗಲೇಬೇಕಿತ್ತು.

ಮೊದಲು ಬೇರೊಂದು ಬಾಲವಾಡಿಗೆ ಸೇರಿಸಿದ್ದಾಗ ಅಳುವ ಮಗುವನ್ನು ಒಳಗೆಳೆದುಕೊಂಡು ಗೇಟು ಹಾಕಿದ್ದರು. ಎರಡು ದಿನ ಅಳಲಿ, ತಾನೇ ಸುಮ್ಮನಾಗುತ್ತದೆ ಅನ್ನುವುದು ಅವರ ಲೆಕ್ಕ. ಮಗು ಅತ್ತು ಅತ್ತು ವಾಂತಿ ಮಾಡಿಕೊಂಡು ಜ್ವರ ಬಂದು ಮಲಗಿತು. ಆಮೇಲೆ ಗೇಟು ಕಂಡರೆ ಸಾಕು, ಚೀರುತ್ತಿತ್ತು. ಮಗಳು ಫೋನಿನಲ್ಲಿ ಹೇಳಿದಳು, “ಅಪ್ಪಾ, ಇದೊಂದು ಸಲ ನೋಡ್ತೀನಿ. ಆಗಲಿಲ್ಲಂದ್ರ ಕೆಲಸ ಬಿಟ್ಟಬಿಡ್ತೀನಿ.” ಆ ಕೆಲಸಕ್ಕಾಗಿ ಅವಳು ಎಷ್ಟು ಓದಿದ್ದಳೆಂದು ನನಗೆ ಗೊತ್ತು. ಅದೇ ಸಂಜೆಯ ರೈಲಿಗೆ ಚೀಲ ಹಿಡಿದು ಹೊರಟೆ.

ಹೊಸ ಬಾಲವಾಡಿ ಮಗಳ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ಅಲ್ಲಿ ಪಾಟಿ ಇಲ್ಲ, ಬಳಪ ಇಲ್ಲ, ಅಕ್ಷರ ತಿದ್ದುವುದಿಲ್ಲ. ಮರಳು, ನೀರು, ಜೇಡಿಮಣ್ಣು, ಕಥೆ, ಹಾಡು. ನನ್ನನ್ನು ಶಾಲೆಗೆ ಸೇರಿಸಿದಾಗ ಇಬ್ಬರು ದೊಡ್ಡ ಹುಡುಗರು ಕೈಕಾಲು ಹಿಡಿದು ತೂಗಾಡಿಸುತ್ತ ಹೊತ್ತೊಯ್ದಿದ್ದರು. ಮಾಸ್ತರರು ಬಾಗಿಲಲ್ಲೇ ಬೆನ್ನಿಗೆ ಎರಡು ಕೊಟ್ಟು ವಿದ್ಯೆಗೆ ಮುಹೂರ್ತ ಮಾಡಿದ್ದರು. ಇಲ್ಲಿಯ ಟೀಚರಮ್ಮ ತೆಲುಗಿನಲ್ಲಿ ನಗುನಗುತ್ತ ಹೇಳಿದರು, “ತಾತಗಾರೂ, ನಾವು ಮಗುವನ್ನು ಕಿತ್ತುಕೊಳ್ಳುವುದಿಲ್ಲ. ನೀವೇ ಒಳಗೆ ಬಂದು ಕೂತುಕೊಳ್ಳಿ. ಮೊದಲು ಮಗುವಿನ ಚಾಪೆ, ಆಮೇಲೆ ಗೋಡೆ ಪಕ್ಕದ ಕುರ್ಚಿ, ಆಮೇಲೆ ವರಾಂಡ, ಕೊನೆಗೆ ಗೇಟು. ಮಗು ಹೂಂ ಅಂದಷ್ಟೇ ನೀವು ಹಿಂದಕ್ಕೆ ಸರಿಯಬೇಕು.”

ತಾಯಿ ಕೂತರೆ ಮಗು ಅವಳನ್ನು ಏಳಗೊಡುವುದಿಲ್ಲವೆಂದು ಚಾಪೆಯ ಮೇಲೆ ನಾನೇ ಕೂತೆ. ಮುಂದೆ ಮಣ್ಣು ಇಟ್ಟರು. ಅಡುಗೆ ಮಾಡಿದ ಕೈ, ಸುಮ್ಮನಿರುತ್ತದೆಯೇ? ಜಿಲೇಬಿ ಮಾಡಿದೆ, ಮೈಸೂರುಪಾಕು ಕೊಯ್ದೆ, ಗರಿಗರಿ ಅಂಚಿನ ಕರ್ಜಿಕಾಯಿ ಮಡಚಿದೆ. ಮಕ್ಕಳೆಲ್ಲ ನನ್ನ ಸುತ್ತ. “ತಾತಾ, ನಾಕು ಲಡ್ಡು!” “ತಾತಾ, ನಾಕು ಪೂರಿ!” ತೆಲುಗಿನಲ್ಲಿ ನನಗೂ ನನಗೂ ಎಂದು ಎಲ್ಲರೂ ಕೈ ಚಾಚಿದವರೇ. ಕ್ಯಾಂಟೀನಿನ ಊಟದ ಹೊತ್ತು ಮರಳಿ ಬಂದ ಹಾಗಾಯಿತು. ಟೀಚರಮ್ಮ ಬಂದು ನನ್ನ ಕೈಯಿಂದ ಮಣ್ಣು ತೆಗೆದುಕೊಂಡರು. “ಮಾಡಬೇಕಾದವರು ಮಕ್ಕಳು, ತಾತಗಾರೂ. ನಿಮ್ಮ ಮೊಮ್ಮಗಳನ್ನು ನೋಡಿ.” ನೋಡಿದೆ. ಅವಳ ಕೈಗೆ ಮಣ್ಣೇ ತಾಗಿರಲಿಲ್ಲ. ನನ್ನ ತೊಡೆಗೆ ಒರಗಿ, ಅಜ್ಜ ಮಾಡಿಕೊಡುತ್ತಾನೆ ಎಂದು ಕಾಯುತ್ತಿದ್ದಳು.

ಕುರ್ಚಿಗೆ ಹೋದೆ. ಅದು ಮಕ್ಕಳ ಕುರ್ಚಿ; ಎದ್ದಾಗ ಅದೂ ನನ್ನ ಜೊತೆ ಎದ್ದಿತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಅದನ್ನು ಇನ್ನೆರಡು ಸಲ ಮಾಡಿ ತೋರಿಸಿದ್ದು ನನ್ನ ತಪ್ಪೇ. ಮರುದಿನ ವರಾಂಡಕ್ಕೆ ಕಳಿಸಿದರು. ಅಲ್ಲಿ ಕಿಟಕಿ ಇತ್ತು. ನಾನು ಮೆಳ್ಳೆಗಣ್ಣು ಮಾಡಿ, ನಾಲಿಗೆ ಚಾಚಿ, ಒಳಗಿನ ಕಥೆಯನ್ನು ಕೆಡಿಸಿದೆ. ಟೀಚರಮ್ಮ ಪರದೆ ಎಳೆದರು. ನೀರಿನ ಬಾಟಲಿ ಕೊಡುವ ನೆಪದಲ್ಲಿ ಒಳಗೆ ನುಗ್ಗಿದೆ. ಬಾಟಲಿ ಆಗಲೇ ಒಳಗಿತ್ತು, ನನ್ನ ಕೈಯಲ್ಲಿದ್ದದ್ದು ನನ್ನ ಕೊಡೆ.

ಸಂಜೆ ವಿಶಾಖಪಟ್ಟಣದಿಂದ ಹೆಂಡತಿಯ ಫೋನು. “ಏನಂತ ನಿಮ್ಮ ಸಾಲಿ?”

“ವರಾಂಡಕ್ಕ ಬಂದೇನಿ.”

“ಸಣ್ಣಾಂವ ಇದ್ದಾಗ ಸಾಲಿ ಬಿಟ್ಟು ಓಡಿ ಬಂದಾವ್ರು. ಈಗ ಹೊರಗ ಹೋಗ್ರಿ ಅಂದ್ರೂ ಹೋಗವಲ್ರಿ! ಅಳಾಕಿ ಮೊಮ್ಮಗಳೋ ನೀವೋ?”

ಮಗಳು ಪಕ್ಕದಲ್ಲೇ ಇದ್ದಳು, ನಗಲಿಲ್ಲ. “ಅಪ್ಪಾ, ಸೋಮವಾರ ಬಂತು. ನೀನು ಎದ್ದು ಬರದಿದ್ರ ಆಕಿ ಹೆಂಗ ಕೂಡ್ತಾಳ?” ಆ ರಾತ್ರಿ ನನಗೆ ಊಟ ರುಚಿಸಲಿಲ್ಲ.

ಶುಕ್ರವಾರ, ಅಂದರೆ ಇವತ್ತು, ವರಾಂಡದಲ್ಲಿ ಕೈ ಕಟ್ಟಿಕೊಂಡು ಕೂತೆ. ಕಿಟಕಿಯ ಕಡೆ ತಿರುಗಲೇ ಇಲ್ಲ. ಕತ್ತು ನೋಯಿತು, ಆದರೂ ತಿರುಗಲಿಲ್ಲ. ಆಗ ಹೊಸ ಹುಡುಗಿಯೊಂದು ಬಂತು, ತನ್ನ ಅಜ್ಜಿಯ ಸೆರಗು ಹಿಡಿದು, ಬೀದಿಯೆಲ್ಲ ಕೇಳುವ ಹಾಗೆ ಅಳುತ್ತ. ಅಜ್ಜಿ ಒಳಗೆ ಹೋಗಿ ಚಾಪೆಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಮಣ್ಣು ಮೆತ್ತಿದ ಕೈಯಲ್ಲಿ ನನ್ನ ಮೊಮ್ಮಗಳು ಹೊರಗೆ ಬಂದಳು. ಇನ್ನು ಇವಳ ಅಳು ಶುರು ಅಂದುಕೊಂಡೆ.

ಅವಳು ನನ್ನ ಬೆರಳು ಹಿಡಿದು ಎಳೆದಳು. “ಅಜ್ಜಾ, ಏಳು.”

“ಎಲ್ಲಿಗವಾ?”

“ನಿನ್ನ ಪಾಳಿ ಆತು. ಈಗ ಆ ಅಜ್ಜಿ ಪಾಳಿ.”

ಗೇಟಿನ ಹತ್ತಿರ ಬಂದಾಗ ನನ್ನ ಮುಖ ಹೇಗಿತ್ತೋ, ತಲೆಯೆತ್ತಿ ನೋಡಿ ಸಮಾಧಾನ ಹೇಳಿದಳು. “ಅಳಬ್ಯಾಡ. ಅನ್ನ ಉಂಡ ಮ್ಯಾಲೆ ಬಾ. ನಾ ಇಲ್ಲೇ ಇರ್ತೀನಿ.”

ಮಗಳಿಗೆ ಫೋನು ಮಾಡಿದೆ. ಅವಳು ನಂಬಲಿಲ್ಲ. “ಖರೇ ಹೇಳು ಅಪ್ಪಾ, ಚಾಕಲೇಟ್ ಏನರ ಕೊಟ್ಟಿಯೇನು?” ಆಣೆ ಮಾಡಿದೆ. ಮಧ್ಯಾಹ್ನ ಇಬ್ಬರೂ ಕರೆತರಲು ಹೋದರೆ ಮಗು ಬರಲು ಒಲ್ಲೆ ಅಂತು. ಅರ್ಧ ಮಾಡಿದ ಮಣ್ಣಿನ ಹಾವು ಮುಗಿಯಬೇಕಂತೆ. ಮಗಳು ಗೇಟಿಗೆ ಒರಗಿ ನಿಂತು, ಕಣ್ಣು ಒರೆಸಿಕೊಳ್ಳುತ್ತ, ಹಾವಿಗೆ ಬಾಲ ಬರುವ ತನಕ ಕಾದಳು. ಆಮೇಲೆ ಅಲ್ಲೇ ನಿಂತು ಆಸ್ಪತ್ರೆಗೆ ಫೋನು ಮಾಡಿ, ಸೋಮವಾರ ಬರುತ್ತೇನೆ ಅಂದಳು.

ಸಂಜೆ ಹೆಂಡತಿಯೂ ಮಗನೂ ವಿಶಾಖಪಟ್ಟಣದಿಂದ ಬಂದಿಳಿದರು; ಅಳಿಯ ಸ್ಟೇಷನ್ನಿಗೆ ಹೋಗಿ ಕರೆತಂದ. ಅಡುಗೆ ನಾನೇ ಮಾಡಿದ್ದೆ: ಜೋಳದ ರೊಟ್ಟಿ, ಎಣ್ಣೆಗಾಯಿ, ಅಳಿಯನಿಗೆಂದು ಗೋಂಗುರ ಚಟ್ನಿ, ಅನ್ನ ಸಾರು, ಹಪ್ಪಳ. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತೆವು. ದಿನವೂ ಮಾಡುವ ಹಾಗೆ ಮೊಮ್ಮಗಳ ತಟ್ಟೆಗೆ ಕೈ ಹಾಕಿ ತುತ್ತು ಕಲಸಲು ಹೋದೆ.

“ಅಜ್ಜಾ, ಹಿಂದ ಸರಿ,” ಅಂದಳು.

“ಶಾಬಾಶ್!” ಎಂದು ಹೆಂಡತಿ ಅಲ್ಲೇ ತೊಡೆ ತಟ್ಟಿದಳು. “ಮನ್ಯಾಗೂ ಹೊರಗ ಹಾಕಿದ್ಲು ನೋಡ್ರಿ!” ಮಗಳು ನಕ್ಕು ನಕ್ಕು ಕೆಮ್ಮಿದಳು.

ನಾನು ತಟ್ಟೆ ಎತ್ತಿಕೊಂಡು ಒಂದು ಮಣೆಯಷ್ಟು ಆಚೆ ಸರಿದೆ. ಅವಳು ಅರ್ಧ ಅನ್ನ ಬಾಯಿಗೆ, ಅರ್ಧ ಲಂಗಕ್ಕೆ ಹಾಕುತ್ತ ಉಣ್ಣತೊಡಗಿದಳು. ಯಾರೂ ನೋಡದಾಗ ಅಲ್ಲಿಂದಲೇ ಕೈ ಚಾಚಿ ಅವಳ ಹಪ್ಪಳದ ಒಂದು ಚೂರು ಮುರಿದುಕೊಂಡೆ. ನೋಡಿಬಿಟ್ಟಳು. ಉಳಿದ ಹಪ್ಪಳವನ್ನು ಎಡಗೈಯಿಂದ ಮುಚ್ಚಿಕೊಂಡು ಬಲಗೈಯಲ್ಲಿ ಉಂಡಳು. ನಾವೂ ಉಂಡೆವು.